ಚಂಡಕರ್ಮನ ಪ್ರಶ್ನೆ

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ದಿನ ಇದ್ದೆ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಮಾತು ಕಪ್ಪೆಯ ಕಡೆಗೆ ತಿರುಗಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿ ಅಂಗಚ್ಛೇದನದ ಪಾಠವನ್ನು ಹಂತಹಂತವಾಗಿ ಕೈಬಿಡಿರೆಂದು ಹೇಳಿ, 2014ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿದ ಮೇಲೆ, ಮೇಜಿನಿಂದ ಕಪ್ಪೆ ಹೋಗಿ ಕಂಪ್ಯೂಟರಿನ ಚಿತ್ರ ಬಂದಿದೆಯಷ್ಟೆ. "ಈಗ ಅಲ್ಲಿರುವುದು ನಿಮ್ಮ ಜನ್ನನ ಹಿಟ್ಟಿನ ಹುಂಜ" ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಊರಿಗೆ ಬಂದವನೇ 'ಯಶೋಧರ ಚರಿತೆ'ಯನ್ನು ಕೈಗೆತ್ತಿಕೊಂಡೆ.

1209ರಲ್ಲಿ ರಚಿತವಾದ ಈ ಕಾವ್ಯದಿಂದ ನಮ್ಮಲ್ಲಿ ಬಹುಮಂದಿಗೆ ನೆನಪಿರುವುದು ಅಮೃತಮತಿ, ಮಾವುತನ ಹಾಡು ಮತ್ತು ಆ ಹಿಟ್ಟಿನ ಹುಂಜ. ಕೊಲ್ಲಲೊಲ್ಲದ ಅರಸು ತಾಯಿಯ ಒತ್ತಾಯಕ್ಕೆ ಹಿಟ್ಟಿನ ಹುಂಜವನ್ನು ಬಲಿಗೊಡುತ್ತಾನೆ; ಕತ್ತಿ ತಗುಲಿದಾಗ ಅದು ಕೂಗುತ್ತದೆ; ಆ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳಿಬ್ಬರೂ ನವಿಲು, ನಾಯಿ, ಮೀನು, ಆಡು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಸ್ನೇಹಿತರ ಹೋಲಿಕೆ ಚೆನ್ನಾಗಿದೆ, ಸರಿಯಾಗಿಲ್ಲ. ಅರಮನೆಯಲ್ಲಿ ಕೊಲ್ಲುವ ಇಚ್ಛೆ ಹಾಗೆಯೇ ಉಳಿದು ಬಲಿ ಮಾತ್ರ ಬದಲಾಯಿತು. ಚಿತ್ರದ ಮೇಲೆ ಬೆರಳಾಡಿಸುವ ಹುಡುಗಿಗೆ ಯಾವ ದೇವಿಯನ್ನೂ ಒಲಿಸಿಕೊಳ್ಳಬೇಕಾಗಿಲ್ಲ.

ಪ್ರಯೋಗಶಾಲೆಗೆ ನಿಜವಾಗಿ ಸಂಬಂಧಿಸಿದ ಪ್ರಸಂಗ ಬೇರೊಂದಿದೆ. ಕಾವ್ಯದ ಕೊನೆಗೆ ಬರುವ ಅದರ ಬಳಿ ನಮ್ಮ ವಿಮರ್ಶಕರು, ನಾನು ಕಂಡಮಟ್ಟಿಗೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಳಾರ ಚಂಡಕರ್ಮ ಅಕಂಪನ ಮುನಿಯೊಡನೆ ವಾದಕ್ಕಿಳಿಯುತ್ತಾನೆ. ಕಳ್ಳನೊಬ್ಬನನ್ನು ತುಂಡುತುಂಡಾಗಿ ಸೀಳಿ ನೋಡಿದೆ, ಜೀವ ಕಾಣಲಿಲ್ಲ. ಇನ್ನೊಬ್ಬನನ್ನು ಕೊಲ್ಲುವ ಮೊದಲೂ ಆಮೇಲೂ ತೂಗಿದೆ, ತೂಕ ಬದಲಾಗಲಿಲ್ಲ. ಜೀವವೆಂಬುದು ಎಲ್ಲಿದೆ ತೋರಿಸಿ, ಎನ್ನುವುದು ಅವನ ಪಂಥ. ಎಂಟುನೂರು ವರ್ಷದ ಹಿಂದಿನ ಕನ್ನಡದಲ್ಲಿ ತಕ್ಕಡಿ ಹಿಡಿದು ನಿಂತ ಒಬ್ಬ ಪ್ರಯೋಗಕಾರ! ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನಿಸುವುದನ್ನೇ ಜೀವನವೆಲ್ಲ ಕಲಿಸಿದ ಡಾ. ಎಚ್. ನರಸಿಂಹಯ್ಯನವರು ಇವನ ಪ್ರಶ್ನೆಯನ್ನು ತಳ್ಳಿಹಾಕುತ್ತಿರಲಿಲ್ಲವೆಂದು ನನ್ನ ಊಹೆ. ಕತ್ತಿಯನ್ನು ಕಿತ್ತಿಟ್ಟು ಮಾತಾಡಿಸುತ್ತಿದ್ದರು.

ಮುನಿಯೂ ಅವನನ್ನು ಗದರಿಸುವುದಿಲ್ಲ. ಕಟ್ಟಿಗೆಯನ್ನು ಎಷ್ಟು ಸೀಳಿದರೂ ಒಳಗಿನ ಬೆಂಕಿ ಕಾಣದು, ಗಾಳಿ ತುಂಬಿದ ಚೀಲವನ್ನು ತೂಗಿದರೆ ಭಾರ ಹೆಚ್ಚಾಗದು ಎಂದು ದೃಷ್ಟಾಂತ ಕೊಡುತ್ತಾನೆ. (ಗಾಳಿಗೂ ತೂಕವುಂಟೆಂದು ಇಂದಿನ ಹುಡುಗರು ತಿದ್ದಿಯಾರು, ಇರಲಿ.) ನನಗೆ ಮುಖ್ಯವಾಗಿ ಕಂಡದ್ದು ಒಂದೇ: ಉತ್ತರ ಕೊಡಲು ಅವನಿಗೆ ಮೂರನೆಯ ಕಳ್ಳ ಬೇಕಾಗಲಿಲ್ಲ. ಕಟ್ಟಿಗೆ, ಚೀಲ, ಇಷ್ಟೇ ಸಾಕಾಯಿತು.

ಅಷ್ಟರಲ್ಲಿ ಪಂಜರದ ಕೋಳಿಗಳೆರಡು, ಆ ಜನ್ಮದ ತಾಯಿಮಕ್ಕಳು, ಧರ್ಮವನ್ನು ಕೇಳಿ ಹಿಗ್ಗಿ ಕೂಗುತ್ತವೆ. ಅರಸು ಯಶೋಮತಿ ರಾಣಿಗೆ ತನ್ನ ಶಬ್ದವೇಧಿಯ ಕೌಶಲ ತೋರಿಸಲೆಂದು ಆ ಕೂಗಿಗೇ ಬಾಣ ಬಿಡುತ್ತಾನೆ. ಹಸಿವಿಲ್ಲ, ಹಗೆಯಿಲ್ಲ, ದೇವಿಯೂ ಇಲ್ಲ, ಕೈಚಳಕ ಮಾತ್ರ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 17ನೆಯ ವಿಧಿಯಲ್ಲಿ, ಬರಿಯ ಕೈಚಳಕ ಗಳಿಸುವುದಕ್ಕಾಗಿ ಪ್ರಾಣಿಗಳ ಮೇಲೆ ಪ್ರಯೋಗ ಕೂಡದೆಂಬ ಮಾತಿದೆ. ಪುಸ್ತಕ, ಮಾದರಿ, ಚಲಚ್ಚಿತ್ರಗಳಿಂದ ಆಗುವಲ್ಲಿ ಶಾಲೆ ಕಾಲೇಜುಗಳು ಅದನ್ನು ಬಿಡಬೇಕೆಂದೂ ಇದೆ. ಅದನ್ನು ಓದುವಾಗ ನನಗೆ ಯಶೋಮತಿಗಿಂತ ಮೊದಲು ನೆನಪಾದವನು ನಾನೇ. ಪಿ.ಯು.ಸಿ.ಯಲ್ಲಿ ಮೇಣದ ತಟ್ಟೆಗೆ ಪಿನ್ನು ಚುಚ್ಚಿದ ಕಪ್ಪೆಯೊಳಗೆ ಹೃದಯ ಇನ್ನೂ ಬಡಿಯುತ್ತಿತ್ತು. ಅದಕ್ಕೆ ಮೂರು ಕೋಣೆಗಳೆಂಬುದು ಪುಸ್ತಕದಲ್ಲೇ ಇತ್ತು. ನನಗೆ ಹೆಚ್ಚು ಅಂಕ ಬಂದದ್ದು ಕೊಯ್ತ ನಯವಾಗಿದ್ದುದಕ್ಕೆ.

ಇಷ್ಟೆಲ್ಲ ಹೇಳಿದರೂ ಕಾವ್ಯವನ್ನು ಎಲ್ಲ ಪ್ರಶ್ನೆಗಳಿಗೂ ಎಳೆಯಬಾರದು. ಎರಡನೆಯ ದಿನ ಸ್ನೇಹಿತರು ನನ್ನನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಕರೆದೊಯ್ದಿದ್ದರು. ಅಲ್ಲಿ ಹರಾಜಾಗುವ ಗೂಡುಗಳೊಳಗಿನ ಜೀವಗಳೆಲ್ಲ ಬಿಸಿಗೆ ಸಾಯತಕ್ಕವು. ಅದಕ್ಕೆ ಯಾವ ನೀತಿಸಮಿತಿಯೂ ಇಲ್ಲ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಂಥ ಕಡೆ ಓದುವವರು ಕಲಿಯಬೇಕಾದ ಪರೀಕ್ಷೆಯೊಂದುಂಟು: ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ಪೆಬ್ರೀನ್ ರೋಗದ ಕಣಗಳನ್ನು ಹುಡುಕುವುದು. ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುತ್ತಾರೆ. 1860ರ ದಶಕದಲ್ಲಿ ಪಾಶ್ಚರ್ ಹಾಕಿಕೊಟ್ಟ ದಾರಿಯಿದು. ಇದನ್ನು ಬಿಟ್ಟರೆ ರೈತನ ಬೆಳೆ ಬೆಳೆಯೇ ಹೋದೀತು. ಇಲ್ಲಿ ಹಿಟ್ಟಿನ ಚಿಟ್ಟೆ ನಡೆಯದು, ಮುನಿಯ ಕಟ್ಟಿಗೆಯೂ ನಡೆಯದು. ರೇಷ್ಮೆಯೇ ಬೇಡವೆನ್ನಬಲ್ಲವರು ಇದನ್ನು ಖಂಡಿಸಲಿ. ನಮ್ಮ ಮನೆಯ ಮದುವೆಗಳನ್ನು ನೆನೆದು ನಾನು ಸುಮ್ಮನಿದ್ದೇನೆ.

ಜನ್ನನ ಮೇಲೆ ನನ್ನದೊಂದು ದೂರುಂಟು. ನವಿಲಿನ ಸಾವನ್ನೂ ಆಡಿನ ಸಾವನ್ನೂ ನಮಗೆ ಮುಟ್ಟಿಸುವ ಕವಿ, ತೂಗಿ ಸೀಳಿಸಿಕೊಂಡ ಆ ಕಳ್ಳರ ನೋವನ್ನು ಯಾರ ಬಾಯಿಂದಲೂ ಕೇಳಿಸುವುದಿಲ್ಲ. ಜೀವ ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ ಅವರು ಬರಿಯ ಸಾಮಗ್ರಿ. ಇದನ್ನು ಸ್ನೇಹಿತರಿಗೆ ಬರೆದೆ. ವಾರದ ಮೇಲೆ ಉತ್ತರ ಬಂತು: ತಾವು ಪರೀಕ್ಷಕರಾಗಿದ್ದ ವರ್ಷಗಳಲ್ಲಿ ನರಕ್ಕೆ ಇಷ್ಟು, ರಕ್ತನಾಳಕ್ಕೆ ಇಷ್ಟು, ಚಿತ್ರಕ್ಕೆ ಇಷ್ಟು ಎಂದು ಅಂಕ ಹಂಚುತ್ತಿದ್ದರಂತೆ, ಕಪ್ಪೆಗೆ ಕ್ಲೋರೋಫಾರಂ ಸರಿಯಾಗಿ ಹತ್ತಿದೆಯೇ ಎಂದು ನೋಡಿದವನಿಗೆ ಒಂದು ಅಂಕವೂ ಇರಲಿಲ್ಲವಂತೆ.