ಇಲಿ ಬಿದ್ದರೂ ಮಡಿ ಬಿಡದವರು

ಅನಂತಮೂರ್ತಿಯವರ 'ಸಂಸ್ಕಾರ' (1965) ಕುರಿತ ಚರ್ಚೆಯೆಲ್ಲ ಬಹುಪಾಲು ಪ್ರಾಣೇಶಾಚಾರ್ಯರ ಒಳತೋಟಿಯ ಸುತ್ತಲೇ ಗಿರಕಿ ಹೊಡೆದಿದೆ. ಆ ಕಾದಂಬರಿಯಲ್ಲಿ ಇಲಿಗಳೂ ಸಾಯುತ್ತವೆ. ಸ್ವಲ್ಪ ಅತ್ತ ನೋಡೋಣ.

ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರ ಹತ್ತಿ, ಗಡ್ಡೆ ಎದ್ದು ಸಾಯುತ್ತಾನೆ. ಇಲಿಗಳು ಬೀಳುತ್ತವೆ. ಹದ್ದುಗಳು ಬರುತ್ತವೆ. ಅಗ್ರಹಾರ ಏನು ಮಾಡುತ್ತೆ? ಜಾಗಟೆ ಬಡಿಯುತ್ತೆ, ಶಂಖ ಊದುತ್ತೆ, ಉಪವಾಸ ಕೂರುತ್ತೆ, ಧರ್ಮ ಕೇಳಲು ಮಠಕ್ಕೆ ಹೊರಡುತ್ತೆ. ಇವರಿಗೆ ಹೆದರಿಕೆ ಇಲ್ಲ ಅನ್ನೋ ಹಾಗಿಲ್ಲ, ಬೇಕಾದಷ್ಟಿದೆ. ಆದರೆ ಹೆದರಿದ್ದು ಮೈಲಿಗೆಗೆ, ಇಲಿಗಲ್ಲ. ಮನುಷ್ಯ ಯಾವುದನ್ನು ಅಪಾಯ ಅಂತ ನಂಬುತ್ತಾನೋ ಅದಕ್ಕೇ ಬಾಗಿಲು ಹಾಕುತ್ತಾನೆ.

ಪ್ಲೇಗು ಹರಡೋದು ಇಲಿಯ ಚಿಗಟದಿಂದ ಅಂತ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಕಂಡುಕೊಂಡಿದ್ದ. ಇಲಿ ಸತ್ತರೆ ಹಸಿದ ಚಿಗಟ ಮನುಷ್ಯನ ಮೈಗೆ ಹಾರುತ್ತೆ. ಅದು ಗೋತ್ರ ಕೇಳೋದಿಲ್ಲ. ಈ ಶಾಸ್ತ್ರ ಓದದ ನಮ್ಮ ಹಳ್ಳಿಗರೂ ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅಕ್ಷರ ಬಾರದವರು ಓದಿದ್ದನ್ನು ವೇದ ಓದಿದವರು ಓದಲಿಲ್ಲ.

ಅಗ್ರಹಾರದ ಈ ಕುರುಡನ್ನು ಲೇಖಕರು ಬಲ್ಲರು. ಪೇಪರು ಓದುವ ಪಾರಿಜಾತಪುರದ ಮಂಜಯ್ಯನಿಗೆ ಇದು ಪ್ಲೇಗು ಅಂತ ಹೊಳೆಯುವಂತೆ ಮಾಡಿದವರೂ ಅವರೇ. ನಮ್ಮ ತಕರಾರು ಬೇರೆ. ಹೊಲಗೇರಿಯಲ್ಲಿ ಚೌಡ, ಅವನ ಹೆಂಡತಿ ಸಾಯುತ್ತಾರೆ; ಗುಡಿಸಲಿಗೇ ಬೆಂಕಿ ಇಡುತ್ತಾರೆ. ಒಂದು ಹೆಣ ಸುಡಲು ಅಗ್ರಹಾರಕ್ಕೆ ಇಡೀ ಕಾದಂಬರಿ ಬೇಕು. ಕೇರಿಯ ಸಾವಿಗೆ ನಾಲ್ಕು ಸಾಲು ಸಾಕು. ಬೆಂಕಿ ಇಟ್ಟವರ ತಲೆಯಲ್ಲಿ ಏನಿತ್ತು? ಭಯವೋ, ದೆವ್ವವೋ, ತಿಳಿವೋ? ಕಾದಂಬರಿ ಒಳಹೊಕ್ಕು ಕೇಳೋದಿಲ್ಲ. ಬೆಳ್ಳಿಗೆ ಮೈ ಇದೆ, ಮನಸ್ಸಿಲ್ಲ.

ಇನ್ನು ಆಚಾರ್ಯರು. ಹೆಂಡತಿಯನ್ನು ಸುಟ್ಟು, ಹಾಗೇ ನಡೆದು ಮೇಳಿಗೆಯ ಜಾತ್ರೆಗೆ ಬಂದು ಪಂಕ್ತಿಯಲ್ಲಿ ಕೂರುತ್ತಾರೆ. ಎದೆ ಹೊಡೆದುಕೊಳ್ಳೋದು ಸೂತಕ ಬಯಲಾದೀತು ಅಂತ. ತನ್ನ ಬಟ್ಟೆಯಲ್ಲಿ ಸಾವು ಬಂದಿರಬಹುದು, ಪಕ್ಕದವನಿಗೆ ಅಂಟಬಹುದು ಅನ್ನೋದು ಆ ಮಹಾಚಿಂತನೆಯಲ್ಲಿ ಎಲ್ಲೂ ಇಲ್ಲ. ನೀತಿಯ ಪ್ರಶ್ನೆ ಇದ್ದದ್ದು ಅಲ್ಲಿ. ನಮ್ಮ ವಿಮರ್ಶೆಯೂ ಅದನ್ನು ಕೈಬಿಟ್ಟು ಆತ್ಮದ ಹಿಂದೆ ಹೋಯಿತು.

2020ರಲ್ಲಿ ಕೊರೊನಾ ಬಂದಾಗ 'ನಮ್ಮ ಹಿರಿಯರ ಮಡಿಯೇ ವಿಜ್ಞಾನ' ಅಂದವರನ್ನು ಕೇಳಿದ್ದೇವೆ. ಅಂಥವರು 'ಸಂಸ್ಕಾರ'ವನ್ನು ಮತ್ತೊಮ್ಮೆ ಓದಲಿ. ಮಡಿ ಅಲ್ಲಿ ಯಾರನ್ನೂ ಉಳಿಸಲಿಲ್ಲ. ಹೆಣವನ್ನು ಕೊನೆಗೆ ಸುಟ್ಟವರು ಮಡಿಯಿಲ್ಲದ ಚಂದ್ರಿ ಮತ್ತು ಗಾಡಿ ತಂದ ಒಬ್ಬ ಮುಸ್ಲಿಂ ಮೀನು ವ್ಯಾಪಾರಿ.