ಅಮರ ಚಿತ್ರಕಥೆಗಳು: ಒಂದು ಪುನರ್ವಿಮರ್ಶೆ

ಗಂಗಾವತಿಯ ನಮ್ಮ ಮನೆಯ ಅಟ್ಟದ ಮೇಲಣ ತಗಡಿನ ಪೆಟ್ಟಿಗೆಯಲ್ಲಿ, ಅಮರಕೋಶದ ಹಳೆಯ ಪ್ರತಿಯೊಂದರೊಡನೆ, ಸುಮಾರು ನಲವತ್ತು ಅಮರ ಚಿತ್ರಕಥೆಗಳು ಈಚೆಗೆ ದೊರೆತುವು. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳ ಕಣ್ಣಿಗೆ ಬೀಳದಂತೆ ಇವನ್ನು ಆ ಕೋಶದ ನಡುವೆಯೇ ಇಟ್ಟು ಓದುತ್ತಿದ್ದೆನಾದುದರಿಂದ ಈ ಸಹವಾಸವು ಆಕಸ್ಮಿಕವಲ್ಲ. ಪ್ರೌಢನಾದಮೇಲೆ ಇವು ಕಾವ್ಯದ ನೆರಳೂ ಅಲ್ಲವೆಂದು ತಿರಸ್ಕರಿಸಿದವರಲ್ಲಿ ನಾನೂ ಒಬ್ಬನು. ಆ ಅಭಿಪ್ರಾಯವನ್ನು ಸ್ವಲ್ಪಮಟ್ಟಿಗೆ ತಿದ್ದಿಕೊಳ್ಳಬೇಕಾಗಿ ಬಂದಿದೆ.

ಈ ಮಾಲೆಯು 1967ರಲ್ಲಿ ಮುಂಬಯಿಯಲ್ಲಿ ಕಾರ್ಕಳದ ಅನಂತ ಪೈಯವರಿಂದ (1929–2011) ಹುಟ್ಟಿತೆಂಬುದು ರೂಢಿ. ಆದರೆ ಇಂಡಿಯಾ ಬುಕ್ ಹೌಸಿನ ಪರವಾಗಿ ಬೆಂಗಳೂರಿನಲ್ಲಿದ್ದ ಜಿ. ಕೆ. ಅನಂತರಾಮ್ ಅವರು, 1965ರಲ್ಲಿ ಕನ್ನಡದಲ್ಲಿಯೇ ಇದು ಮೊದಲಾಯಿತೆಂದೂ, ಇಂಗ್ಲಿಷಿನ ‘ಕೃಷ್ಣ’ಕ್ಕೆ ಹನ್ನೊಂದನೆಯ ಅಂಕವು ಬಿದ್ದುದು ಮೊದಲ ಹತ್ತು ಕನ್ನಡದವಾದ ಕಾರಣವೇ ಎಂದೂ ಹೇಳಿರುತ್ತಾರೆ.

ನನ್ನ ಸಹಾಧ್ಯಾಯಿಗಳು ಇವನ್ನು ಮಮ್ಮಟನ ಮೂರನೆಯ ವರ್ಗಕ್ಕೆ, ಎಂದರೆ ಅವರವಾದ ಚಿತ್ರಕಾವ್ಯಕ್ಕೆ, ತಳ್ಳಿ ನಗುತ್ತಿದ್ದರು. ಇದು ಶಬ್ದಸಾಮ್ಯದಿಂದಾದ ಹಾಸ್ಯವೇ ಹೊರತು ವಿಮರ್ಶೆಯಲ್ಲ. ಮಮ್ಮಟನ ‘ಚಿತ್ರ’ವು ಕುಂಚದ ಚಿತ್ರವಲ್ಲವಷ್ಟೆ. ಆದರೂ ಆ ಹಾಸ್ಯದಲ್ಲಿ ಒಂದು ಸತ್ಯವು ಅಡಗಿದೆ. ಶಾಕುಂತಲದ ನಾಲ್ಕನೆಯ ಅಂಕದ ವಿಷ್ಕಂಭದಲ್ಲಿ ದುರ್ವಾಸನು ರಂಗಕ್ಕೆ ಬರುವುದೇ ಇಲ್ಲ. ಶಾಪವು ನೇಪಥ್ಯದಿಂದ ಕೇಳಿಬರುತ್ತದೆ. ಹೂ ಕೊಯ್ಯುತ್ತಿರುವ ಸಖಿಯರು ಅದನ್ನು ಕೇಳುತ್ತಾರೆ, ಕೇಳಬೇಕಾದವಳು ಕೇಳುವುದಿಲ್ಲ. ಆ ಅಂಕದ ಕರುಣವೆಲ್ಲವೂ ಈ ಮರೆಯ ಮೇಲೆ ನಿಂತಿದೆ. ಚಿತ್ರಕಥೆಗೋ ನೇಪಥ್ಯವೆಂಬುದಿಲ್ಲ. ಅಲ್ಲಿ ಕೋಪವೆಂದರೆ ಕೆಂಗಣ್ಣು, ಶಾಪವೆಂದರೆ ಎತ್ತಿದ ಕೈ. ಎಲ್ಲವೂ ವಾಚ್ಯವಾದಲ್ಲಿ ಧ್ವನಿಗೆ ಎಡೆಯೆಲ್ಲಿ?

ಇದಕ್ಕಿಂತ ಗುರುತರವಾದ ಆಕ್ಷೇಪವೊಂದುಂಟು. ಇದನ್ನು ಮಾತ್ರ ನಾನು ಬಿಟ್ಟುಕೊಡಲಾರೆನು. ಮಹಾಭಾರತದ ಆದಿಪರ್ವದ ಶಕುಂತಲೆಯು ಬೇರೆಯವಳು. ತನ್ನ ಮಗನೇ ಯುವರಾಜನಾಗತಕ್ಕದ್ದೆಂದು ವಿವಾಹಕ್ಕೆ ಮುಂಚೆಯೇ ಮಾತು ಪಡೆದವಳು. ಮಗನ ಕೈಹಿಡಿದು ಸಭೆಗೆ ಬಂದು ಅರಸನೊಡನೆ ಧರ್ಮವಾದ ಮಾಡಿದವಳು. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನು ಮರೆತವನಲ್ಲ, ಎಲ್ಲವನ್ನೂ ನೆನೆದೇ ಅಲ್ಲಗಳೆದವನು. ಕಾಳಿದಾಸನು ಅರಸನ ದೋಷವನ್ನು ಶಾಪಕ್ಕೆ ವಹಿಸಿದನು. ಅದು ಮಹಾಕವಿಯ ಅಧಿಕಾರ. ಚಿತ್ರಕಥೆಯ ‘ಶಕುಂತಲಾ’ ಕಾಳಿದಾಸನ ದಾರಿಯನ್ನು ಹಿಡಿದುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತಾಳೆಯೋಲೆಯಲ್ಲಿ ಪಾಠಾಂತರಕ್ಕೆ ಅಂಚಿನಲ್ಲಿಯಾದರೂ ಸ್ಥಳವಿರುತ್ತದೆ, ಬಣ್ಣದ ಚಿತ್ರಕ್ಕೆ ಅಂಚಿಲ್ಲ. ರವಿವರ್ಮನ ಛಾಯೆಯುಳ್ಳ ಆ ಮುಖವನ್ನು ಒಮ್ಮೆ ಕಂಡ ಬಾಲಕನಿಗೆ ವ್ಯಾಸರ ಶಕುಂತಲೆಯು ಇದ್ದಳೆಂಬುದೇ ತಿಳಿಯದೆ ಹೋಗುತ್ತದೆ.

ಹಾಗಾದರೆ ಅಭಿಪ್ರಾಯವನ್ನು ತಿದ್ದಿಕೊಂಡುದೇಕೆ? ಕಳೆದ ಮಾಘದಲ್ಲಿ ತಮ್ಮನ ಮೊಮ್ಮಗನನ್ನು ಕರೆದುಕೊಂಡು, ಆನೆಗೊಂದಿಯ ಆಚೆ ತುಂಗಭದ್ರೆಯನ್ನು ದಾಟಿ, ಹಂಪೆಯ ಹಜಾರರಾಮ ದೇವಾಲಯಕ್ಕೆ ಹೋಗಿದ್ದೆನು. ಒಂದನೆಯ ದೇವರಾಯನ ಕಾಲದ, 15ನೆಯ ಶತಮಾನದ ಆ ಗುಡಿಯ ಹೊರಗೋಡೆಯಲ್ಲಿ ರಾಮಾಯಣವು ಮೂರು ಸಾಲುಗಳಲ್ಲಿ ಕಲ್ಲಿನಲ್ಲಿ ಕೊರೆಯಲ್ಪಟ್ಟಿರುವುದು. ಪ್ರದಕ್ಷಿಣೆ ಬರುತ್ತಾ ಚೌಕದಿಂದ ಚೌಕಕ್ಕೆ ಓದತಕ್ಕದ್ದು. ಇದನ್ನು ಚಿತ್ರಕಥೆಯೆನ್ನದೆ ಮತ್ತೇನೆನ್ನಬೇಕು? ಹುಡುಗನು ಎರಡು ಸುತ್ತು ಬಂದು, “ದೊಡ್ಡಜ್ಜಾ, ಇವರ ಮಾತು ಎಲ್ಲಿ ಬರದಾರ?” ಎಂದು ಕೇಳಿದನು. ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಕಥೆಯನ್ನು ಮೊದಲೇ ಬಲ್ಲವರಿಗಾಗಿ ಶಿಲ್ಪಿಯು ಕೊರೆದನು. ಅಜ್ಜಿಯರೂ ಪುರಾಣಿಕರೂ ತೊಗಲುಗೊಂಬೆಯವರೂ ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದರು. ಅವರು ವಿರಳರಾದ ಕಾಲದಲ್ಲಿ ಪಾತ್ರದ ಬಾಯಿಯ ಬಳಿಯೇ ಮಾತನ್ನು ಬರೆದುಕೊಟ್ಟುದು ಈ ಪುಸ್ತಕಗಳು. ಇವುಗಳನ್ನು ಕಾವ್ಯದೊಡನೆ ತೂಗಿದ್ದು ನನ್ನ ಪ್ರಮಾದ, ಪುರಾಣಿಕನೊಡನೆ ತೂಗಬೇಕಾಗಿದ್ದಿತು. ಪುರಾಣಿಕನಾದರೋ ಕೇಳಿದರೆ “ಇನ್ನೊಂದು ಪಾಠವೂ ಉಂಟು” ಎಂದು ಹೇಳಬಲ್ಲನೆಂಬ ಭೇದವನ್ನು ಮರೆಯಲಾಗದು.

ಆ ಸಂಜೆ ಹುಡುಗನಿಗೆ ‘ಶಕುಂತಲಾ’ ಸಂಚಿಕೆಯನ್ನು ಕೊಟ್ಟು, ಆದಿಪರ್ವದ ಸಭಾಪ್ರಸಂಗವನ್ನೂ ಓದಿ ಅರ್ಥ ಹೇಳಿದೆನು.

1965ರ ಆ ಹತ್ತು ಕನ್ನಡ ಸಂಚಿಕೆಗಳಲ್ಲಿ ಒಂದಾದರೂ ನನ್ನ ಪೆಟ್ಟಿಗೆಯಲ್ಲಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಪ್ರಾಂತಗಳಲ್ಲಾಗಲಿ ಬೇರೆಡೆಯಲ್ಲಾಗಲಿ ಯಾರಲ್ಲಿಯಾದರೂ ಇದ್ದರೆ, ಪ್ರತಿಯ ಸ್ಥಿತಿಯನ್ನೂ ಅಚ್ಚಿನ ವಿವರಗಳನ್ನೂ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಪ್ರಾರ್ಥನೆ.