ಸೀಟಿಗೆ ನೆನಪಿದ್ದರೆ ಸಾಲದು

ಒಂದೇ ಕಾರನ್ನು ಇಬ್ಬರು ಓಡಿಸುವ ಮನೆಯಲ್ಲಿ ಒಬ್ಬರಂತೂ ಸದಾ ತಪ್ಪಾಗಿ ಕೂತೇ ಓಡಿಸುತ್ತಿರುತ್ತಾರೆ. ರಾತ್ರಿ ಆರಡಿ ಎತ್ತರದವರು ತಂದು ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಐದಡಿಯವರು ತೆಗೆಯುತ್ತಾರೆ. ಮಗುವನ್ನು ಶಾಲೆಗೆ ಬಿಡುವ ಅವಸರ. ಸೀಟನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡರೆ ಕಾಲು ಪೆಡಲಿಗೆ ಎಟುಕುತ್ತದೆ, ಅಷ್ಟು ಸಾಕು ಎಂದು ಹೊರಟುಬಿಡುತ್ತಾರೆ. ಸೀಟಿನ ಎತ್ತರ, ಬೆನ್ನೊರಗಿನ ಬಾಗು, ಸ್ಟೀರಿಂಗ್, ಪಕ್ಕದ ಎರಡು ಕನ್ನಡಿ ಎಲ್ಲವೂ ಇನ್ನೊಬ್ಬರ ಮೈಗೆ ಹೊಂದಿಸಿದಂತೆಯೇ ಉಳಿದಿರುತ್ತವೆ.

ಸರಿಯಾಗಿ ಕೂರುವುದಕ್ಕೆ ಒಂದು ಲೆಕ್ಕವಿದೆ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು. ಬೆನ್ನು ಒರಗಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ಮೇಲಂಚನ್ನು ಮುಟ್ಟಬೇಕು. ಚಕ್ರದ ನಡುವೆ ಅಡಗಿರುವ ಏರ್‌ಬ್ಯಾಗಿಗೂ ನಮ್ಮ ಎದೆಗೂ ಕನಿಷ್ಠ 25 ಸೆಂ.ಮೀ. ಅಂತರ ಇರಬೇಕು. ಕುಳ್ಳಗಿರುವವರಿಗೆ ಈ ಕೊನೆಯದೇ ಕಷ್ಟ. ಕಾಲು ಎಟುಕಲೆಂದು ಮುಂದೆ ಸರಿದರೆ ಎದೆ ಚಕ್ರಕ್ಕೆ ಹತ್ತಿರವಾಗುತ್ತದೆ; ಆಗ ಚಕ್ರವನ್ನು ಡ್ಯಾಶ್‌ಬೋರ್ಡಿನ ಕಡೆಗೆ ತಳ್ಳಿ, ಸ್ವಲ್ಪ ಕೆಳಗಿಳಿಸಿ ಜಾಗ ಮಾಡಿಕೊಳ್ಳಬೇಕು. ಇಷ್ಟನ್ನು ದಿನಕ್ಕೆರಡು ಸಲ ತಾಳ್ಮೆಯಿಂದ ಮಾಡುವವರನ್ನು ನಾನು ನೋಡಿಲ್ಲ. ಹಾಗಾಗಿಯೇ, ಗುಂಡಿ ಒತ್ತಿದರೆ ಉಳಿಸಿಟ್ಟ ಜಾಗಕ್ಕೆ ಸೀಟನ್ನು ತಾನೇ ತರುವ ಪವರ್ ಸೀಟಿನ ಮೆಮೊರಿಯನ್ನು ನಾನು ಸನ್‌ರೂಫಿನ ಸಾಲಿನಲ್ಲಿ ಎಣಿಸುವುದಿಲ್ಲ. ಎಬಿಎಸ್, ಏರ್‌ಬ್ಯಾಗುಗಳ ಸಾಲಿಗೆ ಸೇರಿಸುತ್ತೇನೆ.

ಯೋಚನೆ ಹಳೆಯದೇ. 1957ರಲ್ಲಿ ಅಮೆರಿಕದ ಮರ್ಕ್ಯುರಿ ಟರ್ನ್‌ಪೈಕ್ ಕ್ರೂಸರ್ ಕಾರಿನಲ್ಲಿ ‘ಸೀಟ್-ಓ-ಮ್ಯಾಟಿಕ್’ ಎಂಬ ಏರ್ಪಾಡು ಬಂತು. ಡ್ಯಾಶ್‌ಬೋರ್ಡಿನ ಡಯಲ್ ತಿರುಗಿಸಿ 49 ಸ್ಥಾನಗಳಲ್ಲಿ ಒಂದನ್ನು ಆರಿಸಿದರೆ ಸೀಟು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಎಂಜಿನ್ ಆರಿಸಿದರೆ ಇಳಿಯಲು ಅನುಕೂಲವಾಗಲೆಂದು ಹಿಂದಕ್ಕೆ ಸರಿದು ತಗ್ಗುತ್ತಿತ್ತು. ಅದೇ ವರ್ಷ ಕ್ಯಾಡಿಲಾಕ್ ತನ್ನ ಎಲ್ಡೊರಾಡೊ ಬ್ರೂಮ್‌ನಲ್ಲಿ ಇಷ್ಟದ ಸ್ಥಾನವನ್ನು ನೆನಪಿಡುವ ಸೀಟನ್ನು ಕೊಟ್ಟಿತು. ಆ ಕಾರಿನ ಬೆಲೆ ಆಗ 13,074 ಡಾಲರ್. ಮೊದಲ ವರ್ಷ ತಯಾರಾದದ್ದು 400 ಮಾತ್ರ. ಮೈಕ್ರೋಪ್ರೊಸೆಸರ್ ಇನ್ನೂ ಹುಟ್ಟದ ಕಾಲದಲ್ಲಿ ಬರೀ ಸ್ವಿಚ್, ರಿಲೇ, ಮೋಟಾರುಗಳಿಂದ ಇದನ್ನೆಲ್ಲ ಸಾಧಿಸಿದ ಎಂಜಿನಿಯರುಗಳ ಮೇಲೆ ನನಗೆ ಅಪಾರ ಗೌರವ. ಮುಂದಿನ ಸೀಟು ಆಗ ಬೆಂಚಿನ ಹಾಗೆ ಒಂದೇ ಉದ್ದನೆಯದು. ಚಾಲಕರು ತಮಗೆ ಬೇಕಾದಂತೆ ಸರಿಸಿಕೊಂಡರೆ ಪಕ್ಕದಲ್ಲಿ ಕೂತವರೂ ಜೊತೆಗೇ ಸರಿಯುತ್ತಿದ್ದರು.

ಇವತ್ತಿನ ಸೀಟಿನ ಕೆಳಗೆ ಬಗ್ಗಿ ನೋಡಿದರೆ ಮೂರೋ ನಾಲ್ಕೋ ಸಣ್ಣ ಮೋಟಾರುಗಳು ಕಾಣುತ್ತವೆ. ಹಿಂದೆ ಮುಂದೆ ಸರಿಸಲು ಒಂದು, ಎತ್ತರಕ್ಕೊಂದು, ಬೆನ್ನೊರಗಿಗೊಂದು. ದುಬಾರಿ ಕಾರಾದರೆ ತೊಡೆಯ ಕೆಳಗಿನ ಮುಂಭಾಗವನ್ನು ಎತ್ತಲು ಮತ್ತೊಂದು. ಎಲ್ಲವೂ 12 ವೋಲ್ಟಿನ ಡಿಸಿ ಮೋಟಾರುಗಳು. ಅವುಗಳ ವೇಗದ ಸುತ್ತನ್ನು ವರ್ಮ್ ಗೇರ್ ನಿಧಾನ ಮಾಡಿ ಬಲ ಹೆಚ್ಚಿಸುತ್ತದೆ. ಈ ಗೇರಿನ ಒಂದು ಗುಣ ಇಲ್ಲಿ ಬಹಳ ಮುಖ್ಯ. ಮೋಟಾರು ಸೀಟನ್ನು ಸರಿಸಬಲ್ಲದು, ಆದರೆ ಸೀಟಿನ ಮೇಲಿನ ಭಾರ ಮೋಟಾರನ್ನು ತಿರುಗಿಸಲಾರದು. ಕರೆಂಟ್ ನಿಂತೊಡನೆ ಸೀಟು ಇದ್ದಲ್ಲೇ ಬಿಗಿಯಾಗುವುದು ಈ ಗುಣದಿಂದ.

ಇನ್ನು ನೆನಪಿನ ವಿಷಯ. ಸೀಟಿಗೆ ನಿಮ್ಮ ಎತ್ತರವಾಗಲಿ ಕಾಲಿನ ಉದ್ದವಾಗಲಿ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೊಂದು ಮೋಟಾರಿಗೆ ಒಂದೊಂದು ಸಂಖ್ಯೆ, ಅಷ್ಟೇ. ಹಳೆಯ ಕಾರುಗಳಲ್ಲಿ ಪೊಟೆನ್ಷಿಯೋಮೀಟರ್ ಇರುತ್ತಿತ್ತು. ಸೀಟು ಸರಿದಂತೆ ಅದರ ವೋಲ್ಟೇಜ್ ಬದಲಾಗುತ್ತದೆ. ಇಂತಿಷ್ಟು ವೋಲ್ಟ್ ಎಂದರೆ ಇಂಥದ್ದೇ ಜಾಗ. ಸವೆತ ಹೆಚ್ಚು ಎಂಬುದು ಅದರ ದೋಷ. ಈಗ ಹೆಚ್ಚಾಗಿ ಹಾಲ್ ಸೆನ್ಸರ್ ಬಳಸುತ್ತಾರೆ. ಮೋಟಾರಿನ ಅಚ್ಚಿಗೆ ಪುಟ್ಟ ಅಯಸ್ಕಾಂತವನ್ನು ಕೂರಿಸಿರುತ್ತಾರೆ. ಅದು ಸೆನ್ಸರಿನ ಮುಂದೆ ಹಾದುಹೋದಾಗಲೆಲ್ಲ ಒಂದು ಮಿಡಿತ ಹುಟ್ಟುತ್ತದೆ. ಸೀಟಿನ ಕಂಟ್ರೋಲ್ ಮಾಡ್ಯೂಲ್ ಆ ಮಿಡಿತಗಳನ್ನು ಎಣಿಸುತ್ತ ಹೋಗುತ್ತದೆ. ‘ಸೆಟ್’ ಗುಂಡಿ ಒತ್ತಿ 1ರ ಗುಂಡಿ ಒತ್ತಿದಾಗ ಆ ಹೊತ್ತಿನ ಎಣಿಕೆಗಳನ್ನು ಕರೆಂಟ್ ಇಲ್ಲದಿದ್ದರೂ ಅಳಿಯದ ಚಿಪ್ಪಿನಲ್ಲಿ ಬರೆದಿಡುತ್ತದೆ. ಮತ್ತೆ 1 ಒತ್ತಿದರೆ ಈಗಿನ ಎಣಿಕೆ ಆ ಸಂಖ್ಯೆಗೆ ಮುಟ್ಟುವವರೆಗೂ ಮೋಟಾರುಗಳನ್ನು ಓಡಿಸುತ್ತದೆ. ಎಲ್ಲ ಮೋಟಾರುಗಳೂ ಒಮ್ಮೆಲೇ ಹೊರಟರೆ ಬ್ಯಾಟರಿಯ ಮೇಲೆ ಹೊರೆ ಎಂದು ಅನೇಕ ಕಾರುಗಳು ಅವನ್ನು ಒಂದರ ಹಿಂದೊಂದು ಎಬ್ಬಿಸುತ್ತವೆ.

ಎಣಿಕೆಯನ್ನು ನಂಬಿದ ವ್ಯವಸ್ಥೆ ಕತ್ತಲಲ್ಲಿ ಮೆಟ್ಟಿಲು ಎಣಿಸಿಕೊಂಡು ಇಳಿದಂತೆ. ನಡುವೆ ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಮೋಟಾರು ಓಡುತ್ತಿರುವಾಗಲೇ ಕರೆಂಟ್ ಕಡಿದುಹೋದರೆ ಎಷ್ಟು ಸರಿಯಿತು ಎಂಬ ಲೆಕ್ಕ ಕೆಡುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಸೀಟು ಹಳೆಯ ಜಾಗಕ್ಕೆ ಸರಿಯಾಗಿ ಬರುತ್ತಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಬಹಳಷ್ಟು ಕಾರುಗಳಲ್ಲಿ ಮದ್ದು ಸರಳ. ಸೀಟನ್ನು ಹಿಂದಿನ ಕೊನೆಯಿಂದ ಮುಂದಿನ ಕೊನೆಯವರೆಗೆ ಪೂರ್ತಿ ಓಡಿಸಿದರೆ ಮಾಡ್ಯೂಲ್ ಎರಡೂ ತುದಿಗಳನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಹಾಗೆ ಮಾಡುವ ಮೊದಲು ಸೀಟಿನ ಕೆಳಗೆ ನೀರಿನ ಬಾಟಲಿಯೋ ಕೊಡೆಯೋ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಳ್ಳಬೇಕು. ಮೋಟಾರಿಗೆ ಕರೆಂಟ್ ಇದ್ದೂ ಮಿಡಿತ ಬರದಿದ್ದರೆ ಮಾಡ್ಯೂಲ್ ಅದನ್ನು ತಡೆ ಅಥವಾ ಕೊನೆ ಎಂದೇ ತಿಳಿಯುತ್ತದೆ. ಬಾಟಲಿಯನ್ನೇ ಸೀಟು ಸರಿಯುವ ಹಳಿಯ ಕೊನೆ ಎಂದುಕೊಂಡು ಅಲ್ಲಿಂದಾಚೆಗೆ ಹೋಗಲು ಒಪ್ಪದ ಸೀಟುಗಳೂ ಇವೆ.

ಸ್ಟೀರಿಂಗ್ ಚಕ್ರವನ್ನು ಹೊತ್ತ ಕಾಲಮ್ಮಿನಲ್ಲೂ ತತ್ವ ಇದೇ, ಮೋಟಾರು ಎರಡು: ಮೇಲೆ ಕೆಳಗೆ ಒಂದು, ಒಳಗೆ ಹೊರಗೆ ಒಂದು. ಆದರೆ ಎಂಜಿನಿಯರಿಗೆ ಇದು ಸೀಟಿಗಿಂತ ಕಠಿಣವಾದ ಕೆಲಸ. ಕಾಲಮ್ ಉದ್ದ ಹೆಚ್ಚು ಕಡಿಮೆಯಾಗುವಾಗಲೂ ಚಕ್ರ ತಿರುಗಿಸಿದ ಬಲ ಎಳ್ಳಷ್ಟೂ ಸಡಿಲವಿಲ್ಲದೆ ಕೆಳಗೆ ಮುಟ್ಟಬೇಕು. ಅಪಘಾತವಾದರೆ ಅದೇ ಕಾಲಮ್ ಎದೆಗೆ ಈಟಿಯಾಗದೆ ಕುಸಿದು ಹೊಡೆತವನ್ನು ತಾನು ನುಂಗಬೇಕು. ಹಾಗೆ ಕುಸಿಯುವ ಕಾಲಮ್ಮನ್ನು ಜನರಲ್ ಮೋಟಾರ್ಸ್ 1967ರ ಮಾದರಿಗಳಲ್ಲಿ ತಂದಿತು. ಮೋಟಾರು, ಸ್ಕ್ರೂ ಎಲ್ಲ ಸೇರಿಸಿದ ಮೇಲೂ ಆ ಕುಸಿತಕ್ಕೆ ಅಡ್ಡಿಯಾಗಬಾರದು. ಇಷ್ಟು ಕಷ್ಟವಿರುವುದರಿಂದಲೇ ಸೀಟಿನ ಮೆಮೊರಿ ಅಗ್ಗವಾದಷ್ಟು ಸ್ಟೀರಿಂಗಿನ ಮೆಮೊರಿ ಅಗ್ಗವಾಗಿಲ್ಲ. ಇಳಿಯುವವರಿಗೆ ಚಕ್ರ ದಾರಿ ಬಿಡಬೇಕೆಂಬ ಆಸೆ ಮಾತ್ರ ಕುಸಿಯುವ ಕಾಲಮ್ಮಿಗೂ ಮೊದಲಿನದು. 1961ರ ಫೋರ್ಡ್ ಥಂಡರ್‌ಬರ್ಡ್‌ನಲ್ಲಿ ಗೇರ್ ಪಾರ್ಕಿಗೆ ಹಾಕಿ ಇಡೀ ಚಕ್ರವನ್ನೇ ಕೈಯಿಂದ ಬದಿಗೆ ಸರಿಸಬಹುದಿತ್ತು. ಈಗಿನ ಐಷಾರಾಮಿ ಕಾರುಗಳಲ್ಲಿ ಎಂಜಿನ್ ಆರಿದೊಡನೆ ಚಕ್ರ ತಾನೇ ಮೇಲೆದ್ದು ಒಳಗೆ ಸರಿಯುತ್ತದೆ, ಮತ್ತೆ ಸ್ಟಾರ್ಟ್ ಮಾಡಿದಾಗ ನಿಮ್ಮ ಜಾಗಕ್ಕೆ ಬರುತ್ತದೆ. ಮಂಡಿನೋವಿರುವ ಹಿರಿಯರಿಗೆ ಇದು ದೊಡ್ಡ ಉಪಕಾರ.

ತಾನಾಗಿ ಚಲಿಸುವ ಸೀಟಿಗೆ ಕಡಿವಾಣವೂ ಬೇಕು. ಕಾರು ಓಡುತ್ತಿರುವಾಗ ಮೆಮೊರಿ ಗುಂಡಿ ಸಾಮಾನ್ಯವಾಗಿ ಕೆಲಸ ಮಾಡದಂತೆ ತಡೆದಿರುತ್ತಾರೆ. ಯುರೋಪಿನ ಹಲವು ಕಾರುಗಳಲ್ಲಿ ಬಾಗಿಲು ತೆರೆದಿದ್ದರೆ ಒಮ್ಮೆ ಒತ್ತಿದರೆ ಸಾಕು, ಮುಚ್ಚಿದ್ದರೆ ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ಕೀಲಿಯ ಗುರುತು ಹಿಡಿದು ತಾನೇ ಹೊಂದಿಕೊಳ್ಳುವ ಕಾರುಗಳಲ್ಲಿ ಕೀಲಿ ಅದಲುಬದಲಾದರೆ ಆರಡಿಯವರನ್ನು ಸೀಟು ಚಕ್ರಕ್ಕೆ ಒತ್ತಲು ಹೊರಡುತ್ತದೆ. ಗಾಬರಿ ಬೇಡ. ಸಾಮಾನ್ಯವಾಗಿ ಸೀಟಿನ ಯಾವುದಾದರೊಂದು ಸ್ವಿಚ್ ಮುಟ್ಟಿದರೆ ಅದು ನಿಲ್ಲುತ್ತದೆ. ಸ್ವಿಚ್ಚಿನ ಮಾತು ಬಂದಾಗ ಮರ್ಸಿಡಿಸ್ ಬಾಗಿಲ ಮೇಲಿನ ಸೀಟಿನದೇ ಆಕಾರದ ಸ್ವಿಚ್ಚನ್ನು ನೆನೆಯಲೇಬೇಕು. ಬೆನ್ನೊರಗಿನ ಆಕಾರದ ತುಣುಕನ್ನು ಬಾಗಿಸಿದರೆ ಬೆನ್ನೊರಗು ಬಾಗುತ್ತದೆ. ವಿನ್ಯಾಸ ತಜ್ಞ ಡಾನ್ ನಾರ್ಮನ್ 1988ರ ತಮ್ಮ ವಿನ್ಯಾಸದ ಪುಸ್ತಕದಲ್ಲಿ ಇದನ್ನು ಉತ್ತಮ ವಿನ್ಯಾಸಕ್ಕೆ ಮಾದರಿಯಾಗಿ ಎತ್ತಿ ತೋರಿಸಿದರು. ನಾನು ಕಂಡ ಸೀಟಿನ ಸ್ವಿಚ್ಚುಗಳಲ್ಲಿ ಇದೇ ಶ್ರೇಷ್ಠ. ಈ ಹೊಂದಾಣಿಕೆಯನ್ನು ಟಚ್‌ಸ್ಕ್ರೀನಿನೊಳಗೆ ಹೂತಿಡುವ ಈಚಿನ ಚಾಳಿ ನನಗೆ ಸ್ವಲ್ಪವೂ ಹಿಡಿಸದು.

ನಮ್ಮ ಮಾರುಕಟ್ಟೆಗೆ ಬರೋಣ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700, 2023ರಲ್ಲಿ ಹೊಸ ರೂಪ ಪಡೆದ ಟಾಟಾ ಹ್ಯಾರಿಯರ್ ಇಂಥ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಚಾಲಕರ ಸೀಟಿಗೆ ಮೆಮೊರಿ ಕೊಟ್ಟಿದ್ದಾರೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಸ್ಟೀರಿಂಗ್ ಹೊಂದಿಸಲು ಮಾತ್ರ ಕಾಲಮ್ಮಿನ ಕೆಳಗಿನ ಲಿವರನ್ನೇ ಸಡಿಲಿಸಬೇಕು. ಹೀಗಾಗಿ ಸೀಟು ನಿಮ್ಮ ಜಾಗಕ್ಕೆ ಬಂದರೂ ಚಕ್ರ ಇನ್ನೊಬ್ಬರ ಜಾಗದಲ್ಲೇ ಇರುತ್ತದೆ. ಕೂರುವ ಜಾಗ ಬದಲಾದರೆ ಪಕ್ಕದ ಕನ್ನಡಿಯ ನೋಟವೂ ಬದಲಾಗುತ್ತದೆ. ಬೈಕುಗಳು ಎರಡೂ ಬದಿಯಿಂದ ನುಗ್ಗುವ ನಮ್ಮ ರಸ್ತೆಗಳಲ್ಲಿ ತಪ್ಪು ಕನ್ನಡಿಗಿಂತ ದೊಡ್ಡ ಅಪಾಯವಿಲ್ಲ. ಸೀಟಿನ ಜೊತೆ ಇನ್ನೊಂದಕ್ಕೆ ಮಾತ್ರ ಮೆಮೊರಿ ಕೊಡಲು ಸಾಧ್ಯವೆಂದು ತಯಾರಕರು ಹೇಳಿದರೆ ನನ್ನ ಮತ ಕನ್ನಡಿಗೆ, ಸ್ಟೀರಿಂಗ್ ಆಮೇಲೆ. ಒಳಗಿನ ಕನ್ನಡಿಯನ್ನಂತೂ ಬಹುತೇಕ ಎಲ್ಲ ಕಾರುಗಳಲ್ಲೂ ಕೈಯಿಂದಲೇ ತಿರುಗಿಸಿಕೊಳ್ಳಬೇಕು. ಸೀಟ್ ಬೆಲ್ಟಿನ ಎತ್ತರವೂ ಹಾಗೆಯೇ.

ಕಾರು ಕೊಳ್ಳಲು ಹೋಗುವವರಲ್ಲಿ ಒಂದು ಮನವಿ. ಟೆಸ್ಟ್ ಡ್ರೈವಿಗೆ ಮನೆಯಲ್ಲಿ ಓಡಿಸುವ ಇಬ್ಬರೂ ಹೋಗಿ. ಒಬ್ಬರು ಸರಿಯಾಗಿ ಕೂತು, ಕನ್ನಡಿ ಹೊಂದಿಸಿಕೊಂಡು 1ರಲ್ಲಿ ಉಳಿಸಿ. ಇನ್ನೊಬ್ಬರು ತಮ್ಮದನ್ನು 2ರಲ್ಲಿ ಉಳಿಸಿ. ಆಮೇಲೆ ಮತ್ತೆ 1 ಒತ್ತಿ, ಏನೇನು ಸರಿಯಿತು, ಏನೇನು ಸರಿಯಲಿಲ್ಲ ಎಂದು ಕಣ್ಣಾರೆ ನೋಡಿ. ಕನ್ನಡಿ ಅಲುಗಾಡದಿದ್ದರೆ ಆ ಮೆಮೊರಿಗೆಂದೇ ಮೇಲಿನ ಮಾದರಿಯ ಹಣ ಕೊಡಬೇಡಿ.